ಪುಷ್ಪಕ ಮತ್ತು ಮೂವತ್ತು-ನಲವತ್ತು

ಕಳೆದ ಸಂಕ್ರಾಂತಿಯ ಮರುದಿನ, ಹಬ್ಬದ ಎಳ್ಳು ಬೀರುವ ಕೆಲಸವೆಲ್ಲ ಮುಗಿದು ತಟ್ಟೆಗಳನ್ನು ಒರೆಸಿ ಇಡುತ್ತಿದ್ದೆ. ಅಮೆರಿಕದ ಅರಿಜೋನಾದಲ್ಲಿರುವ ತಮ್ಮನ ಮಗನ ಫೋನು ಬಂತು. ಹಬ್ಬದ ಶುಭಾಶಯ ಹೇಳಿದವನೇ, "ಅತ್ತೆ, ನಿಮ್ಮನ್ನೊಂದು ಮಾತು ಕೇಳಬೇಕು. ಬೆಂಗಳೂರಿನ ತಾತನ ಸೈಟು ಸುಮ್ಮನೆ ಬಿದ್ದಿದೆಯಲ್ಲ, ಮಾರಿಬಿಟ್ಟು ವಿಮಾನ ಕೊಂಡರೆ ಹೇಗೆ?" ಎಂದ. ನನ್ನ ಕೈಯಲ್ಲಿದ್ದ ತಟ್ಟೆ ಜಾರಲಿಲ್ಲ, ನಿಜ. ಆದರೆ ಜಾರಿದ್ದರೂ ಆಶ್ಚರ್ಯವಿರಲಿಲ್ಲ.

ಇವನೇನು ಏರ್ ಇಂಡಿಯಾವನ್ನೇ ಕೊಳ್ಳಲು ಹೊರಟಿದ್ದಾನೋ ಎಂದುಕೊಂಡೆ. ವಿಷಯ ಅಷ್ಟು ದೊಡ್ಡದಲ್ಲ. ಅಲ್ಲಿ ಅವನು ಮತ್ತು ಅವನ ಮೂವರು ಗೆಳೆಯರು ಸೇರಿ ಒಂದು ಹಳೆಯ ಪುಟ್ಟ ವಿಮಾನ ಕೊಳ್ಳುವ ಯೋಚನೆಯಲ್ಲಿದ್ದರು. ಸೆಸ್ನಾ 172 ಎಂದು ಅದರ ಹೆಸರು. ನಾಲ್ಕು ಜನ ಕೂರಬಹುದು, ಒಂದೇ ಎಂಜಿನ್ನು. 1975ರಲ್ಲಿ ತಯಾರಾದದ್ದು. ತಲೆಗೆ ಇಪ್ಪತ್ತೈದು ಸಾವಿರ ಡಾಲರು. "ಅತ್ತೆ, ಕಾರಾದರೆ ಬೆಲೆ ಇಳಿಯುತ್ತೆ. ಇದಕ್ಕೆ ಹೊಸದರಲ್ಲಿ ಇದ್ದ ಬೆಲೆಗಿಂತ ಈಗಲೇ ಜಾಸ್ತಿ. ಇದು ಖರ್ಚಲ್ಲ, ಇನ್ವೆಸ್ಟ್‌ಮೆಂಟು" ಎಂದು ನನಗೇ ಪಾಠ ಹೇಳಿದ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳು ನಾನು. ಯಾರಾದರೂ ಹೀಗೆ ಖಂಡಿತವಾಗಿ ಮಾತಾಡಿದರೆ, "ಇರಲಿ, ಇದರ ಹಿಂದಿನ ಕಥೆ ಏನು?" ಎಂದು ಕೇಳುವುದು ನನ್ನ ಹಳೆಯ ಚಾಳಿ. ವಿಮಾನವೋ ಸೈಟೋ ಎಂಬ ಪ್ರಶ್ನೆ ನಮ್ಮ ಮನೆಗೆ ಹೊಸದೂ ಅಲ್ಲ. ನಮ್ಮಪ್ಪ ವಿಮಾನ ಕಟ್ಟಿದವರು, ನಮ್ಮಮ್ಮ ಸೈಟು ಕೊಂಡವಳು.

ಮೊದಲು ವಿಮಾನದ ಕಥೆ ಕೇಳಿ. 1939ರಲ್ಲಿ ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿಗೆ ವಿಮಾನ ವ್ಯಾಪಾರದಲ್ಲಿದ್ದ ಪಾಲಿ ಎಂಬ ಅಮೆರಿಕದವನ ಪರಿಚಯ ಪ್ರಯಾಣವೊಂದರಲ್ಲಿ ಆಕಸ್ಮಿಕವಾಗಿ ಆಯಿತು. ಆಗಷ್ಟೇ ಎರಡನೆಯ ಮಹಾಯುದ್ಧ ಶುರುವಾಗಿತ್ತು. ಭಾರತದಲ್ಲೇ ವಿಮಾನ ಕಟ್ಟಬೇಕು ಎಂಬ ಹುಳ ವಾಲ್‌ಚಂದರ ತಲೆಗೆ ಹೊಕ್ಕಿತು. ಅವರಿಗೆ ಜಾಗ ಕೊಟ್ಟದ್ದು ನಮ್ಮ ಮೈಸೂರು ಸಂಸ್ಥಾನ. ದಿವಾನರು ಮಿರ್ಜಾ ಇಸ್ಮಾಯಿಲ್. ಬೆಂಗಳೂರಿನ ಬಳಿ ಸುಮಾರು 700 ಎಕರೆ ಜಮೀನನ್ನು ಕೊಟ್ಟು, ಸಂಸ್ಥಾನದ ಹಣವನ್ನೂ ತೊಡಗಿಸಿದರು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂಬ ಕಂಪನಿ ನೋಂದಣಿಯಾಯಿತು. ನಾಲ್ಕು ಕೋಟಿ ರೂಪಾಯಿ ಅದರ ಅಧಿಕೃತ ಬಂಡವಾಳ.

ಹಣ ಹಾಕಿದ ವಾಲ್‌ಚಂದರಿಗೆ ಆದ ಲಾಭವೇನು? 1941ರ ಮಾರ್ಚಿನಲ್ಲಿ ಭಾರತ ಸರ್ಕಾರ ಮೂರನೇ ಒಂದು ಪಾಲಿಗೆ ಬಂತು. ಜಪಾನಿನ ಸೈನ್ಯ ಬರ್ಮಾಕ್ಕೆ ನುಗ್ಗಿದ 1942ರಲ್ಲಿ ಆಡಳಿತವನ್ನೇ ಕೈಗೆ ತೆಗೆದುಕೊಂಡಿತು. ವಾಲ್‌ಚಂದರು ತಮ್ಮ ಪಾಲನ್ನು ಬಿಟ್ಟುಕೊಟ್ಟು ಹೊರಬಂದರು. ಎರಡು ವರ್ಷವೂ ತುಂಬಿರಲಿಲ್ಲ. ಯುದ್ಧ ಮುಗಿಯುವವರೆಗೆ ಅಲ್ಲಿ ಹೊಸದಾಗಿ ಕಟ್ಟಿದ ವಿಮಾನಗಳು ಕೆಲವೇ. ಅಮೆರಿಕದ ಸೇನೆಯ ವಿಮಾನಗಳ ರಿಪೇರಿಯೇ ದೊಡ್ಡ ಕೆಲಸವಾಯಿತು. ಯುದ್ಧ ಮುಗಿದ ಮೇಲೆ ಕೆಲಸವಿಲ್ಲದೆ ರೈಲ್ವೆ ಬೋಗಿಗಳನ್ನೂ ಬಸ್ಸಿನ ಬಾಡಿಗಳನ್ನೂ ಕಟ್ಟಿದರು. ವಿಮಾನದ ಕಾರ್ಖಾನೆ ಬಸ್ಸು ಕಟ್ಟಿತೆಂದರೆ ಮಕ್ಕಳು ತರಗತಿಯಲ್ಲಿ ನಗುತ್ತಾರೆ. ನಾನು ನಗುವುದಿಲ್ಲ. ಹಬ್ಬಕ್ಕೆಂದು ತಂದ ದೊಡ್ಡ ಪಾತ್ರೆಯಲ್ಲಿ ದಿನವೂ ಅನ್ನ ಮಾಡಿದಂತೆ ಅದು. ಪಾತ್ರೆಯೂ ಉಳಿಯಿತು, ಅಡುಗೆಯವರ ಕೈಯೂ ಉಳಿಯಿತು.

ಕೈ ಉಳಿದದ್ದರಿಂದಲೇ 1951ರಲ್ಲಿ ಎಚ್.ಟಿ.-2 ಎಂಬ ನಮ್ಮದೇ ತರಬೇತಿ ವಿಮಾನ ಹಾರಿತು. ಅದರ ವಿನ್ಯಾಸ ಡಾ. ವಿ.ಎಂ. ಘಾಟಗೆಯವರದು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಾವೆಲ್ಲ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಶಾಸ್ತ್ರದ ವಿಭಾಗ ಕಟ್ಟಿದವರು ಅವರು. 1958ರಲ್ಲಿ ಅದೇ ಕಾರ್ಖಾನೆಯಿಂದ ಇನ್ನೂ ಪುಟ್ಟದೊಂದು ವಿಮಾನ ಬಂತು. ಇಬ್ಬರು ಅಕ್ಕಪಕ್ಕ ಕೂರುವಂಥದ್ದು, ರೆಕ್ಕೆ ನೆತ್ತಿಯ ಮೇಲೆ, ತೊಂಬತ್ತು ಅಶ್ವಶಕ್ತಿಯ ಎಂಜಿನ್ನು. ಹೆಸರು ಪುಷ್ಪಕ.

ಅಪ್ಪ 1959ರಲ್ಲಿ ಆ ಕಾರ್ಖಾನೆ ಸೇರಿದರು. ಪುಷ್ಪಕದ ರೆಕ್ಕೆಗೆ ಮೈಗೆಲ್ಲ ಬಟ್ಟೆ ಹೊದಿಸುತ್ತಿದ್ದರು ಎಂದರೆ ನಂಬುತ್ತೀರಾ? ಲೋಹದ ಚೌಕಟ್ಟಿನ ಮೇಲೆ ಬಟ್ಟೆ ಎಳೆದು ಹೊಲಿದು, ಅದರ ಮೇಲೆ ಡೋಪ್ ಎನ್ನುವ ಒಂದು ಬಗೆಯ ವಾರ್ನಿಷ್ ಬಳಿದರೆ ಅದು ಒಣಗಿ ಡೋಲಿನ ಚರ್ಮದಂತೆ ಬಿಗಿಯಾಗುತ್ತಿತ್ತಂತೆ. ಅಪ್ಪನಿಗೆ ಆ ಬಟ್ಟೆಯ ಕೆಲಸ. ಅಂಗಿಗೆ ಅಂಟಿದ ಆ ವಾಸನೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ ಎಂದು ಅಮ್ಮ ಈಗಲೂ ಮುಖ ಸಿಂಡರಿಸುತ್ತಾಳೆ. ಮನೆಯಲ್ಲಿ ನಮ್ಮ ಲಂಗ ಹರಿದರೆ ಅಪ್ಪನೇ ಹೊಲಿಯುತ್ತಿದ್ದರು. "ವಿಮಾನದ ಹೊಲಿಗೆ ಇದು, ಬಿಚ್ಚೋದಿಲ್ಲ" ಎನ್ನುವರು.

ಸುಮಾರು 160 ಪುಷ್ಪಕಗಳು ತಯಾರಾದವು. ಹೆಚ್ಚಿನವು ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹೋದವು. ಬೆಂಗಳೂರಿನ ಜಕ್ಕೂರಿನಲ್ಲಿ, ಜಯಚಾಮರಾಜ ಒಡೆಯರ ಕಾಲದಲ್ಲಿ ಶುರುವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆಗೆ ಅಪ್ಪ ನಮ್ಮನ್ನು ಒಮ್ಮೆ ಕರೆದುಕೊಂಡು ಹೋಗಿದ್ದರು. ಬೇಲಿಯ ಆಚೆಯಿಂದ ಪುಷ್ಪಕ ಏರುವುದನ್ನು ನೋಡಿದೆವು. ಅಪ್ಪ ಮಾತಾಡಲಿಲ್ಲ. ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು, ಅದು ಚುಕ್ಕೆಯಾಗಿ ಮಾಯವಾಗುವವರೆಗೂ ನಿಂತಿದ್ದರು. ಆ ವಿಮಾನಗಳಲ್ಲಿ ಎಷ್ಟೋ ಹುಡುಗರು ಹಾರಲು ಕಲಿತರು. ಆಮೇಲೆ ವಿಮಾನಗಳು ಹಳತಾಗಿ ಮೂಲೆ ಸೇರಿದವು. ಲೆಕ್ಕದ ಪುಸ್ತಕದಲ್ಲಿ ಅವುಗಳ ಬೆಲೆ ಗುಜರಿಯದೇ ಇರಬೇಕು.

ಇನ್ನು ಸೈಟಿನ ಕಥೆ. 1972ರಲ್ಲಿ, ನನಗಾಗ ಮೂರು ವರ್ಷ. ಕಾರ್ಖಾನೆಯಿಂದ ಪೂರ್ವಕ್ಕೆ, ರಾಗಿ ಹೊಲಗಳ ನಡುವೆ, ಒಂದು ಮೂವತ್ತು-ನಲವತ್ತು ಸೈಟು 3,600 ರೂಪಾಯಿಗೆ ಬರುತ್ತದೆಂದು ಅಪ್ಪನ ಜೊತೆಯವರು ಹೇಳಿದರು. ಅಪ್ಪನಿಗೆ ಪಿ.ಎಫ್. ಸಾಲ ಸಿಕ್ಕಿದ್ದು ಎರಡು ಸಾವಿರ. ಉಳಿದದ್ದಕ್ಕೆ ಅಮ್ಮ ತನ್ನ ತವರಿನಿಂದ ತಂದ ಏಳು ತೊಲದ ಅವಲಕ್ಕಿ ಸರವನ್ನು ತೆಗೆದುಕೊಟ್ಟಳು. ಆಗ ಹತ್ತು ಗ್ರಾಂ ಚಿನ್ನಕ್ಕೆ ಇನ್ನೂರು ರೂಪಾಯಿಯ ಆಸುಪಾಸು. ಸರಕ್ಕೆ ಬಂದದ್ದು ಸಾವಿರದ ಆರುನೂರು. ಲೆಕ್ಕ ಸರಿಹೋಯಿತು. ಪತ್ರ ಅಪ್ಪನ ಹೆಸರಿಗಾಯಿತು. ಅಮ್ಮನ ಹೆಸರಿಗೆ ಮಾಡಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಅಮ್ಮನಿಗೂ ಹೊಳೆಯಲಿಲ್ಲ.

ಅಣ್ಣನ ಮಗನಾಗಲಿ ತಮ್ಮನ ಮಗನಾಗಲಿ, ಅಮೆರಿಕದಿಂದ ಇನ್ವೆಸ್ಟ್‌ಮೆಂಟು ಎಂದರೆ ನಾವೂ ಕಾಗದ ಪೆನ್ಸಿಲ್ ಹಿಡಿಯಬೇಕಲ್ಲ! ಹಿಡಿದೆ. ಆ ಕಡೆ ಈಗ ಚದರಡಿಗೆ ಹತ್ತು ಸಾವಿರ ಎಂದು ಬ್ರೋಕರು ಹೇಳಿದ್ದಾನೆ. ಅಂದರೆ ಸಾವಿರದ ಇನ್ನೂರು ಚದರಡಿಗೆ ಒಂದು ಕೋಟಿ ಇಪ್ಪತ್ತು ಲಕ್ಷ. ಐವತ್ತಮೂರು ವರ್ಷಕ್ಕೆ ಹರಡಿದರೆ ವರ್ಷಕ್ಕೆ ಹದಿನಾರು ಪರ್ಸೆಂಟಿಗೂ ಮೀರಿದ ಚಕ್ರಬಡ್ಡಿ. ಅಮ್ಮನ ಸರವೇ ಉಳಿದಿದ್ದರೆ? 2025ರಲ್ಲಿ ಹತ್ತು ಗ್ರಾಂ ಚಿನ್ನ ಲಕ್ಷ ರೂಪಾಯಿ ದಾಟಿತು. ಸರ ಎಂಟು ಲಕ್ಷಕ್ಕೆ ಮೇಲಾಗುತ್ತಿತ್ತು. ಅದು ಸುಮಾರು ಹನ್ನೆರಡು ಪರ್ಸೆಂಟಿನ ಬಡ್ಡಿ. ಸರದ ಹಣಕ್ಕೆ ಬಂದ ಸೈಟಿನ ಪಾಲೋ, ಐವತ್ತು ಲಕ್ಷದ ಮೇಲೆ. ಮಣ್ಣು ಹೊನ್ನನ್ನು ಗೆದ್ದಿತು.

ಆದರೆ ಗೆದ್ದ ಸೈಟಿನ ಕಥೆಯನ್ನು ಮಾತ್ರ ನಾವು ಹೇಳುತ್ತೇವೆ, ಸೋತವರು ಸುಮ್ಮನಿರುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರು ಹದಿನೈದು ವರ್ಷ ಒಂದು ಗೃಹ ನಿರ್ಮಾಣ ಸಂಘಕ್ಕೆ ಕಂತು ಕಟ್ಟಿದರು. ಸೈಟಿನ ನಂಬರೂ ಬಂತು, ನಕ್ಷೆಯೂ ಬಂತು, ಸೈಟು ಮಾತ್ರ ಬರಲಿಲ್ಲ. ನಮ್ಮ ಸೈಟಿನದೂ ಸುಖದ ಕಥೆಯಲ್ಲ. ಪಕ್ಕದವರು ಎರಡಡಿ ಒಳಗೆ ಗೋಡೆ ಹಾಕಿದಾಗ ಅಪ್ಪ ನಾಲ್ಕು ವರ್ಷ ಅಲೆದರು. ವರ್ಷ ವರ್ಷ ಕಂದಾಯ, ಗಿಡ ತೆಗೆಸುವ ಕೂಲಿ. ಕಷ್ಟಕ್ಕೆ ಬೇಕೆಂದಾಗ ಸರವಾದರೆ ಸಂಜೆಯೊಳಗೆ ದುಡ್ಡಾಗುತ್ತದೆ. ಸೈಟು ಆಗುವುದಿಲ್ಲ. ನನ್ನ ಬಿ.ಎಡ್. ಫೀಸಿಗೆ ಅಮ್ಮ ಕೊನೆಯ ಎರಡು ಬಳೆ ಅಡವಿಟ್ಟಳೇ ಹೊರತು ಸೈಟು ನಮ್ಮ ಉಪಯೋಗಕ್ಕೆ ಬರಲಿಲ್ಲ.

ಇನ್ನೊಂದು ವಿಷಯ. ಆ ಸೈಟಿನ ಬೆಲೆ ಏರಿಸಲು ನಾವು ಮಾಡಿದ್ದಾದರೂ ಏನು? ಏನೂ ಇಲ್ಲ. ಆ ದಿಕ್ಕಿಗೆ ರಸ್ತೆ, ಕರೆಂಟು, ಕೆಲಸಗಾರರನ್ನು ಎಳೆದದ್ದು ವಿಮಾನದ ಕಾರ್ಖಾನೆ. ಅದರ ಸುತ್ತ ವಿಮಾನಪುರ ಎಂಬ ಊರೇ ಬೆಳೆಯಿತು. 1990ರ ದಶಕದ ಕೊನೆಗೆ ವೈಟ್‌ಫೀಲ್ಡಿನಲ್ಲಿ ಐ.ಟಿ. ಪಾರ್ಕು ಬಂತು. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ಎಚ್.ಎ.ಎಲ್. ನಿಲ್ದಾಣ ಬಿಟ್ಟು ದೇವನಹಳ್ಳಿಗೆ ಹೋದಾಗ ಇಲ್ಲಿನ ಬೆಲೆ ಬೀಳುತ್ತದೆಂದು ಕೆಲವರು ಹೆದರಿದರು. ಬೀಳಲಿಲ್ಲ. ದೇವನಹಳ್ಳಿಯ ದ್ರಾಕ್ಷಿ ತೋಟಗಳ ಬೆಲೆಯೂ ಏರಿತು ಅಷ್ಟೆ. 2023ರಲ್ಲಿ ಮೆಟ್ರೋ ವೈಟ್‌ಫೀಲ್ಡ್ ಮುಟ್ಟಿತು. ಎಂದೋ ಅಪ್ಪನಂಥವರು ಹೊಲಿದ ರೆಕ್ಕೆಗಳ ಬೆಲೆ ಗುಜರಿಗೆ ಇಳಿಯಿತು. ಅವರ ಕಾರ್ಖಾನೆಯ ಪಕ್ಕದ ಬರಿ ಮಣ್ಣಿನ ಬೆಲೆ ಕೋಟಿಗೆ ಏರಿತು. ಕೆಲಸ ಮಾಡಿದ್ದು ವಿಮಾನ, ಕೂಲಿ ಪಡೆದದ್ದು ಮಣ್ಣು.

ಹಾಗಾದರೆ ಹುಡುಗನ ಸೆಸ್ನಾಕ್ಕೆ ಬೆಲೆ ಏರಿದ್ದು ಹೇಗೆ? ಅದಕ್ಕೂ ಇತಿಹಾಸವಿದೆ. ಸೆಸ್ನಾ 172 ಮೊದಲು ಹಾರಿದ್ದು 1955ರಲ್ಲಿ. ಈವರೆಗೆ 44 ಸಾವಿರಕ್ಕೂ ಹೆಚ್ಚು ತಯಾರಾಗಿವೆ. ಜಗತ್ತಿನಲ್ಲಿ ಬೇರೆ ಯಾವ ವಿಮಾನವೂ ಅಷ್ಟು ಸಂಖ್ಯೆಯಲ್ಲಿ ತಯಾರಾಗಿಲ್ಲ. 1978ರಲ್ಲಿ ಅಮೆರಿಕದ ಕಾರ್ಖಾನೆಗಳು 17 ಸಾವಿರಕ್ಕೂ ಹೆಚ್ಚು ಸಣ್ಣ ವಿಮಾನಗಳನ್ನು ಕಟ್ಟಿದವು. ಆಮೇಲೆ ಅಪಘಾತಗಳಾದಾಗ ತಯಾರಕರ ಮೇಲೆ ಬೀಳುವ ಮೊಕದ್ದಮೆಗಳೂ ವಿಮೆಯ ಹಣವೂ ಏರುತ್ತ ಹೋಗಿ, 1986ರಲ್ಲಿ ಸೆಸ್ನಾದವರು ಇಂಥ ಪುಟ್ಟ ವಿಮಾನಗಳನ್ನು ಕಟ್ಟುವುದನ್ನೇ ನಿಲ್ಲಿಸಿದರು. 1994ರ ಹೊತ್ತಿಗೆ ಇಡೀ ಅಮೆರಿಕದಲ್ಲಿ ತಯಾರಾದದ್ದು ಸಾವಿರಕ್ಕಿಂತ ಕಡಿಮೆ. ಆ ವರ್ಷ, ಹದಿನೆಂಟು ವರ್ಷಕ್ಕಿಂತ ಹಳೆಯ ವಿಮಾನದ ಬಗ್ಗೆ ತಯಾರಕರ ಮೇಲೆ ದಾವೆ ಹೂಡುವಂತಿಲ್ಲ ಎಂಬ ಕಾನೂನು ಬಂದ ಮೇಲೆ, 1996ರಲ್ಲಿ ಸೆಸ್ನಾ 172 ಮತ್ತೆ ಶುರುವಾಯಿತು. ಹೊಸದು ಸಿಗದ ಕಾಲದಲ್ಲಿ ಹಳೆಯದಕ್ಕೆ ಬೆಲೆ ಬಂತು. ಹೊಸದು ತುಂಬ ದುಬಾರಿಯಾದಾಗ ಆ ಬೆಲೆ ಉಳಿಯಿತು.

ಬೆಲೆ ಏರಿತು ಎನ್ನುವುದು ಕೂಡ ಅರ್ಧ ಸತ್ಯ. 1975ರಲ್ಲಿ ಒಂದು ಡಾಲರಿಗೆ ಸಿಗುತ್ತಿದ್ದ ಸಾಮಾನಿಗೆ ಈಗ ಸುಮಾರು ಆರು ಡಾಲರು ಬೇಕು. ಅದನ್ನು ಕಳೆದರೆ ಉಳಿಯುವುದೆಷ್ಟು? ಮೇಲಾಗಿ ವಿಮಾನ ಸುಮ್ಮನೆ ನಿಂತರೂ ಉಣ್ಣುವ ಪ್ರಾಣಿ. ನಿಲ್ಲಿಸಲು ಬಾಡಿಗೆ, ವಿಮೆ, ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ. ಎರಡು ಸಾವಿರ ಗಂಟೆಯ ಹಾರಾಟಕ್ಕೆ ಎಂಜಿನ್ನನ್ನು ಪೂರ್ತಿ ಬಿಚ್ಚಿ ಹೊಸದು ಮಾಡಿಸಬೇಕು. ಅದಕ್ಕೇ ಹತ್ತಾರು ಸಾವಿರ ಡಾಲರು. ಬಿಳಿಯಾನೆ ಎಂದರೆ ಇದೇ. "ಹಾರುವ ಸಂತೋಷಕ್ಕೆ ಕೊಳ್ಳು, ಬೇಡ ಅನ್ನಲ್ಲ. ತಂಬೂರಿ ಕೊಂಡವರು ಹಾಡೋದಕ್ಕೆ ಕೊಳ್ತಾರೆ, ಮಾರೋದಕ್ಕಲ್ಲ. ಇನ್ವೆಸ್ಟ್‌ಮೆಂಟು ಅಂತ ಮಾತ್ರ ನಿನಗೆ ನೀನೇ ಹೇಳ್ಕೋಬೇಡ" ಎಂದೆ. ಅವನೂ ಸುಮ್ಮನಿರುವವನಲ್ಲ. "ತಾತನ ಕಂಪನಿಯ ಷೇರು 2018ರಲ್ಲಿ 1,215 ರೂಪಾಯಿಗೆ ಬಂತು ಅತ್ತೆ. 2023ರಲ್ಲಿ ಒಂದು ಷೇರು ಎರಡಾಯ್ತು. ಮರುವರ್ಷ ಒಂದೊಂದೂ ನಾಲ್ಕು ಸಾವಿರ ದಾಟಿತು. ವಿಮಾನದಲ್ಲಿ ಲಾಭವಿಲ್ಲ ಅಂತೀರಲ್ಲ!" ಎಂದ. ನಿಜ. ಆದರೆ ಆ ಲಾಭ ವಿಮಾನವನ್ನು ಇಟ್ಟುಕೊಂಡವರಿಗೆ ಬಂದದ್ದಲ್ಲ, ವಿಮಾನ ಕಟ್ಟುವ ಕೈಗಳನ್ನು ಇಟ್ಟುಕೊಂಡ ಕಾರ್ಖಾನೆಗೆ ಬಂದದ್ದು. ಮೈಸೂರು ಸಂಸ್ಥಾನ 1940ರಲ್ಲಿ ಹಣ ಹಾಕಿದ್ದು ಅಂಥ ಕೈಗಳ ಮೇಲೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಫೋನಾದ ಎರಡು ವಾರಕ್ಕೆ ತಮ್ಮ ಊರಿಗೆ ಬಂದ. ಊಟವಾದ ಮೇಲೆ ಒಂದು ಕಾಗದ ಮುಂದಿಟ್ಟು, "ಅಕ್ಕ, ಇಲ್ಲೊಂದು ಸಹಿ ಹಾಕಿಬಿಡು. ಸೈಟು ಮಾರಕ್ಕೆ ಬೇಕಂತೆ" ಎಂದ. ಹಕ್ಕು ಖುಲಾಸೆ ಪತ್ರ. ಅಪ್ಪನ ಸ್ವತ್ತಿನಲ್ಲಿ ನನಗೇನೂ ಹಕ್ಕಿಲ್ಲ, ಬಿಟ್ಟುಕೊಟ್ಟಿದ್ದೇನೆ ಎಂಬ ಒಕ್ಕಣೆ. ಅಮ್ಮನದೂ ಅಂಥದೇ ಇನ್ನೊಂದು ಕಾಗದ. ತಮ್ಮ ಕೆಟ್ಟವನಲ್ಲ. ಮದುವೆಯಾದ ಹೆಣ್ಣುಮಕ್ಕಳು ಹೀಗೆ ಸಹಿ ಹಾಕುತ್ತಾರೆ ಎಂದು ಅವನು ಕಂಡಿದ್ದಾನೆ. ನಾನೂ ಕಂಡಿದ್ದೇನೆ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನನ್ನ ಮದುವೆ 1993ರಲ್ಲಿ ಆಯಿತು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆ ಆಸ್ತಿಯಲ್ಲಿ ಪಾಲು ಕೊಟ್ಟ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ಅನ್ವಯಿಸುತ್ತಿರಲಿಲ್ಲ. "ನನ್ನದು ಒಂದು ವರ್ಷದಲ್ಲಿ ತಪ್ಪಿತು" ಎಂದು ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಹೇಳಿದ್ದೆ. ಮಕ್ಕಳಿಗೆ ಇತಿಹಾಸ ಹೇಳುವ ನಾನು ನನ್ನ ಇತಿಹಾಸವನ್ನೇ ತಪ್ಪಾಗಿ ಓದಿಕೊಂಡಿದ್ದೆ. ಆ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯ ಮಾತು. 2005ರ ಕೇಂದ್ರದ ತಿದ್ದುಪಡಿ ಮದುವೆಯ ಆ ಗೆರೆಯನ್ನು ಅಳಿಸಿತು. 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಮ್ಮ ಸೈಟಾದರೋ ಅಪ್ಪನ ಸ್ವಯಾರ್ಜಿತ. ವಿಲ್ ಬರೆಯದೆ ತೀರಿಕೊಂಡ ಹಿಂದೂ ಗಂಡಸಿನ ಸ್ವಯಾರ್ಜಿತದಲ್ಲಿ ಹೆಂಡತಿಗೂ ಮಗನಿಗೂ ಮಗಳಿಗೂ ಸಮಪಾಲು ಎಂದು 1956ರ ಕಾಯಿದೆಯೇ ಹೇಳಿದೆ. ಅಂದರೆ ನಾನು ಹುಟ್ಟುವುದಕ್ಕೂ ಹದಿಮೂರು ವರ್ಷ ಮೊದಲೇ!

ಇನ್ನೂ ಹಿಂದಕ್ಕೆ ಹೋದರೆ, 1933ರಲ್ಲೇ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರಿನಲ್ಲಿ ಹಿಂದೂ ಹೆಣ್ಣುಮಕ್ಕಳ ಹಕ್ಕುಗಳಿಗೆಂದು ಒಂದು ಕಾಯಿದೆ ಬಂದಿತ್ತು. ಸ್ತ್ರೀಧನ ಯಾವುದು, ಅದರ ಮೇಲೆ ಹೆಣ್ಣಿಗೆ ಎಂಥ ಅಧಿಕಾರ ಎಂದು ಅದು ಬರೆದಿಟ್ಟಿತು. ಅಮ್ಮನ ಅವಲಕ್ಕಿ ಸರ ಅಂಥ ಸ್ತ್ರೀಧನ. ಇಡೀ ಮನೆಯಲ್ಲಿ ಅವಳದು ಎನ್ನಬಹುದಾದ ದೊಡ್ಡ ಸ್ವತ್ತು ಅದೊಂದೇ. ಅದನ್ನು ಕೊಟ್ಟು ಅವಳು ಕೊಂಡದ್ದು ತನ್ನ ಹೆಸರಿಲ್ಲದ ಮಣ್ಣನ್ನು. ಬೆಲೆಯ ಲೆಕ್ಕದಲ್ಲಿ ಮಣ್ಣು ಹೊನ್ನನ್ನು ಗೆದ್ದಿತು ಎಂದು ಆಗಲೇ ಬರೆದೆನಲ್ಲ, ಗೆದ್ದದ್ದು ಯಾರು ಎಂದು ಕೇಳುವುದನ್ನು ಮರೆತಿದ್ದೆ. ಹೊನ್ನು ಹೆಣ್ಣು ಮಣ್ಣು ಎಂದು ಒಂದೇ ಉಸಿರಿಗೆ ಹೇಳುತ್ತೇವೆ. ಆ ಮೂರರಲ್ಲಿ ಮಾತಾಡಬಲ್ಲದ್ದು ಒಂದೇ. ಅದನ್ನೇ ನಾವು ಕೇಳುವುದಿಲ್ಲ.

ಕಾಗದವನ್ನು ಅಮ್ಮನ ಮುಂದೆ ಹಿಡಿದೆ. ಎಂಬತ್ತೊಂದರ ಅಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಓದಿ, ತಮ್ಮನ ಕಡೆಗಲ್ಲ, ನನ್ನ ಕಡೆಗೂ ಅಲ್ಲ, ಗೋಡೆಯ ಮೇಲಿನ ಅಪ್ಪನ ಫೋಟೋ ಕಡೆ ನೋಡಿ, "ಸರ ಇದ್ದಿದ್ರೆ ಕತ್ತಲ್ಲಿರೋದು. ನನ್ನ ಕೇಳದೆ ಯಾರು ಬಿಚ್ತಿದ್ರು?" ಎಂದಳು. ಅಷ್ಟೇ. ತಮ್ಮ ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ. ಐವತ್ತು ವರ್ಷದಲ್ಲಿ ನಾನೂ ಅವಳನ್ನು ಕೇಳಿರಲಿಲ್ಲ.

ಆ ಕಾಗದಗಳನ್ನು ತಮ್ಮನೇ ಹರಿದ. ತಿಂಗಳಾದ ಮೇಲೆ ನಾವಿಬ್ಬರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಹಕ್ಕು ಖುಲಾಸೆಗೆ ಸಹಿ ಹಾಕಿದೆವು, ಅಮ್ಮನ ಹೆಸರಿಗೆ. ಈಗ ಸೈಟು ಅವಳದು. ಮಾರುತ್ತಾಳೋ ಇಟ್ಟುಕೊಳ್ಳುತ್ತಾಳೋ, ಯಾರಿಗೆ ಎಷ್ಟು ಕೊಡುತ್ತಾಳೋ ಅವಳಿಗೆ ಬಿಟ್ಟದ್ದು. ನಾಳೆ ನನಗೆ ಏನೂ ಬರದೆಯೂ ಇರಬಹುದು. ನಿವೃತ್ತಿ ಹತ್ತಿರವಿರುವ ನನಗೆ ಅದರಿಂದ ಏನೂ ಅನ್ನಿಸುವುದಿಲ್ಲ ಎಂದರೆ ಸುಳ್ಳಾಗುತ್ತದೆ.

ಸ್ನೇಹಿತೆಯರು ಕೇಳುತ್ತಿರುತ್ತಾರೆ, ಚಿನ್ನ ಒಳ್ಳೆಯದೋ ಸೈಟು ಒಳ್ಳೆಯದೋ ಎಂದು. ಬೆಲೆ ಏರುವುದು ನಮ್ಮ ಕೈಯಲ್ಲಿಲ್ಲ. ಕಾರ್ಖಾನೆ ಎಲ್ಲಿ ಬರುತ್ತದೆ, ಮೆಟ್ರೋ ಎಲ್ಲಿ ಹೋಗುತ್ತದೆ ಎಂದು ನಮ್ಮನ್ನು ಕೇಳಿ ಮಾಡುವುದಿಲ್ಲ. ಪತ್ರದಲ್ಲಿ ಯಾರ ಹೆಸರು ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಅದನ್ನು ಮೊದಲ ದಿನವೇ ಕೇಳಿ. ಹಾಗೆ ಕೇಳುವುದು ಜಗಳವಲ್ಲ.

ಹುಡುಗ ವಿಮಾನ ಕೊಳ್ಳಲಿಲ್ಲ. ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು ಹಾರಲು ಕಲಿಯುತ್ತಿದ್ದಾನೆ. ಮೊನ್ನೆ ಅಮ್ಮ ನನ್ನ ಫೋನು ಕಸಿದುಕೊಂಡು ಅವನನ್ನು ಕೇಳುತ್ತಿದ್ದಳು, "ಅದಕ್ಕೂ ಬಟ್ಟೆನೇ ಹೊದಿಸ್ತಾರೇನೋ?" ಇಲ್ಲ ಅಜ್ಜಿ, ಪೂರ್ತಿ ಅಲ್ಯೂಮಿನಿಯಂ ಎಂದನಂತೆ. "ಸದ್ಯ, ವಾಸನೆ ಇರಲ್ಲ" ಎಂದು ಫೋನು ನನ್ನ ಕೈಗಿತ್ತಳು.